ಹದಿನೇಳು ಹೆಸರಿನ ದಫ್ತರ

ಶನಿವಾರದ ಸಭೆಯಲ್ಲಿ ಏನೇನು ನಡೆಯಿತು ಎಂಬುದನ್ನು ಸುಶೀಲವ್ವ ಗುರುವಾರವೇ ಟೈಪ್ ಮಾಡಲು ಕೂತಳು. ಅಧ್ಯಕ್ಷರ ಅಪ್ಪಣೆಯೇ ಹಾಗಿತ್ತು.

ಅಧ್ಯಕ್ಷರೆಂದರೆ ರಾಜಗೋಪಾಲ. ಎಂಬತ್ತೊಂದು ವಯಸ್ಸು, ಮೂಲ ಬಸವನಗುಡಿ, ಈಗ ಜಾರ್ಜ್‌ಟೌನ್. ಎಂಜಿನಿಯರಿಂಗ್ ಪ್ರೊಫೆಸರಾಗಿ ನಿವೃತ್ತರಾಗಿ ಹದಿನೈದು ವರ್ಷ ಕಳೆದರೂ ಅಂಗಿಯ ಜೇಬಿನಲ್ಲಿ ಸ್ಕೇಲು ಇಟ್ಟುಕೊಂಡೇ ಓಡಾಡುವವರು.

“ಸುಶೀಲಮ್ಮ, ಆರೂ ಕಾಲೇಜಿನೋರು ಆಲ್ರೆಡಿ ಒಪ್ಕೊಂಡಾಗಿದೆ,” ಎಂದು ಫೋನಿನಲ್ಲಿ ಹೇಳಿದ್ದರು. “ಮೀಟಿಂಗು ಇಪ್ಪತ್ತು ನಿಮಿಷ, ಆಮೇಲೆ ಲಂಚು. ಮಿನಿಟ್ಸ್ ಈಗ್ಲೇ ರೆಡಿ ಮಾಡಿಟ್ಬಿಡಿ. ಗ್ರೇಸ್‌ಫುಲ್ ಆಗಿ ಮುಗಿಸ್ಬಿಡೋಣ.”

“ಮುಗಸೂದು ಹೌದ್ರಿ ಸರ. ಗ್ರೇಸು ಯಾರದು?”

“ಎಲ್ಲಾರ್ದೂ,” ಎಂದಿದ್ದರು ಅವರು.

ಮುಗಿಯಬೇಕಾಗಿದ್ದದ್ದು ಸರೋವರ ತೀರದ ಕಾಲೇಜುಗಳ ಪುರುಷರ ವಾಲಿಬಾಲ್ ಒಕ್ಕೂಟ. ಹುಟ್ಟಿದ್ದು 1976ರಲ್ಲಿ, ಐದು ಕಾಲೇಜು ಸೇರಿ. ಬರುವ ವರ್ಷ ಅದಕ್ಕೆ ಐವತ್ತು ತುಂಬುವುದಿತ್ತು. ಐವತ್ತು ತುಂಬುವ ಮೊದಲೇ ಮುಚ್ಚಿಬಿಟ್ಟರೆ ಸಮಾರಂಭದ ಖರ್ಚು ಉಳಿಯುತ್ತದೆ ಎಂದು ಒಬ್ಬ ನಿರ್ದೇಶಕ ಇಮೇಲಿನಲ್ಲಿ ಬರೆದಿದ್ದ. ತಮಾಷೆಗಲ್ಲ.

ಸುಶೀಲವ್ವ ಒಕ್ಕೂಟದ ದಫ್ತರ ನೋಡಿಕೊಳ್ಳತೊಡಗಿ ಮೂವತ್ತನಾಲ್ಕು ವರ್ಷ. ಹುಬ್ಬಳ್ಳಿಯಿಂದ ಈ ದೇಶಕ್ಕೆ ಬಂದ ಹೊಸತರಲ್ಲಿ ಮಿಲ್ಟನ್‌ನ ಸಿಕ್ಸ್ಟೀನ್ ಮೈಲ್ ಕಾಲೇಜಿನ ಕ್ರೀಡಾ ವಿಭಾಗದಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿತು; ಆ ಕೆಲಸದ ಜೊತೆಗೆ, ಕೊಂಡ ಎಮ್ಮೆಯ ಹಿಂದೆ ಕರು ಬಂದಂತೆ, ಈ ದಫ್ತರವೂ ಬಂತು. ದಪ್ಪ ಹಸಿರು ರಟ್ಟಿನ ಪುಸ್ತಕ. ಒಕ್ಕೂಟಕ್ಕೆ ಯಾವ ಕಾಲೇಜು ಯಾವ ದಿನ ಸೇರಿತು ಎಂಬುದು ಅದರೊಳಗಿತ್ತು. ಬಿಟ್ಟರೆ ಬಿಟ್ಟ ದಿನವೂ ಇರಬೇಕಿತ್ತು.

ಮೊದಲ ಹದಿನೈದು ವರ್ಷ ಯಾರೂ ಬಿಟ್ಟಿರಲಿಲ್ಲ. ಸುಶೀಲವ್ವ ಬಂದ ಮರುವರ್ಷದಿಂದ ಬಿಡತೊಡಗಿದರು. ಇದರಲ್ಲಿ ಅವಳ ಕೈವಾಡವಿರಲಿಲ್ಲ.

ಮೊದಲು ಹೋದದ್ದು ಪಾದ್ರಿಗಳನ್ನು ತಯಾರು ಮಾಡುವ ಒಂದು ಕಾಲೇಜು. ಪಾದ್ರಿಯಾಗಲು ಬರುವವರು ಕಡಿಮೆಯಾಗುತ್ತಾ ಐದಕ್ಕೆ ಇಳಿದರು. ವಾಲಿಬಾಲಿಗೆ ಆರು ಮಂದಿ ಬೇಕು. ಒಂದು ಸೀಸನ್ ಅಡುಗೆಯವನನ್ನು ಸೇರಿಸಿಕೊಂಡು ಆಡಿದರು. ತಂಡದಲ್ಲಿ ಚೆಂದ ಹೊಡೆಯುತ್ತಿದ್ದವನು ಅವನೊಬ್ಬನೇ. ಅವನು ಮದುವೆಯಾಗಿ ಊರು ಬಿಟ್ಟ. ಕಾಲೇಜು ಒಕ್ಕೂಟ ಬಿಟ್ಟಿತು. ಆಮೇಲೆ ಎರಡು ಕಾಲೇಜುಗಳು ಒಂದಾದವು. ಒಂದಾದ ತಂಡಕ್ಕೆ ಯಾರ ಹೆಸರಿಡಬೇಕೆಂಬ ಜಗಳ ಇತ್ಯರ್ಥವಾಗದೆ ಎರಡೂ ತಂಡ ಹೋದವು. ಇನ್ನೊಂದು ವಿಶ್ವವಿದ್ಯಾಲಯವಾಗಿ ದೊಡ್ಡವರ ಪಂಕ್ತಿಗೆ ಏರಿ ಕೂತಿತು. ಹೋಗುತ್ತೇನೆಂದು ಒಂದು ಸಾಲು ಬರೆಯಲಿಲ್ಲ. ಮತ್ತೊಂದು ಕಾಲೇಜಿನವರು ಗಂಡು-ಹೆಣ್ಣಿನ ಸಮಾನತೆಗಾಗಿ ಗಂಡಸರ ತಂಡ ತೆಗೆದರು. ಮರುವರ್ಷ ಹೆಂಗಸರದ್ದನ್ನೂ ತೆಗೆದರು. ಸಮಾನತೆ ಪೂರ್ಣವಾಯಿತು.

ವುಡ್‌ಬ್ರಿಡ್ಜ್‌ನ ಸೇಂಟ್ ಲೂಸಿ ಕಾಲೇಜು ಇಡಿಯಾಗಿ ಮಾರಾಟವಾಯಿತು. ಈಗ ಅಲ್ಲಿ ಹಾಸಿಗೆಗಳ ಗೋದಾಮು. ಸುಶೀಲವ್ವನ ಗಂಡ ದ್ಯಾಮಣ್ಣ ಅದೇ ಗೋದಾಮಿನಲ್ಲಿ, ಲಾರಿಯಿಂದ ಇಳಿದ ಮಾಲಿಗೆಲ್ಲ ಸಹಿ ಹಾಕಿ ಒಳಗೆ ತೆಗೆದುಕೊಳ್ಳುವ ಕೆಲಸದಲ್ಲಿದ್ದ. ಹಾಸಿಗೆಯ ರ‍್ಯಾಕುಗಳ ನಡುವೆ ನೆಲದ ಮೇಲೆ ವಾಲಿಬಾಲ್ ಕೋರ್ಟಿನ ಬಿಳಿ ಗೆರೆಗಳು ಇನ್ನೂ ಇವೆಯೆಂದು ಅವಳಿಗೆ ಹೇಳಿದ್ದವನು ಅವನೇ. ಊಟದ ಬಿಡುವಿನಲ್ಲಿ ಅಲ್ಲಿಯ ಹುಡುಗರು ಮಾಲು ಕಟ್ಟುವ ಪಟ್ಟಿಯನ್ನು ಅಡ್ಡ ಬಿಗಿದು ಆಡುತ್ತಿದ್ದರು.

ಹೀಗೆ ಬಿಟ್ಟು ಹೋದವು ಒಟ್ಟು ಹನ್ನೊಂದು. ಉಳಿದದ್ದು ಆರು.

ಆ ಆರು ಉಳಿದದ್ದು ಹೇಗೆಂಬುದನ್ನೂ ಹೇಳಬೇಕು. ಕಳೆದ ಹತ್ತು ಹನ್ನೆರಡು ವರ್ಷ ಹೊರದೇಶದ ವಿದ್ಯಾರ್ಥಿಗಳು ವಿಮಾನ ತುಂಬಿ ಬಂದರು. ಇಲ್ಲಿಯವರ ಮೂರು ಪಟ್ಟು ಶುಲ್ಕ ಕಟ್ಟಿದರು. ಜಲಂಧರ್, ಕೊಟ್ಟಾಯಂ, ಲಾಗೋಸ್‌ಗಳಲ್ಲಿ ಹೊಲ ಮನೆ ಅಡವಿಟ್ಟ ಆ ಶುಲ್ಕದಿಂದ ಆರೂ ಕಾಲೇಜಿನಲ್ಲಿ ಗಾಜಿನ ಗೋಡೆಯ ಜಿಮ್ ಎದ್ದಿತು. ಪಗಡಿ ಕಟ್ಟಿಕೊಂಡು ನೆಗೆಯುವ ಹುಡುಗನ ಚಿತ್ರ ಆರೂ ಕಾಲೇಜಿನ ಪುಸ್ತಿಕೆಯ ಮುಖಪುಟಕ್ಕೆ ಬಂತು. ಆಮೇಲೆ ಸರಕಾರ ಅವರಿಗೆ ಕೊಡುವ ಪರ್ಮಿಟ್ಟು ಕಡಿಮೆ ಮಾಡಿತು. ಮನೆ ಬಾಡಿಗೆ ಏರಿದ್ದು, ಆಸ್ಪತ್ರೆಯಲ್ಲಿ ಸಾಲು ಬೆಳೆದದ್ದು, ಬಸ್ಸು ತಡವಾದದ್ದು ಎಲ್ಲವೂ ಆ ಹುಡುಗರಿಂದಲೇ ಎಂದು ಟೀವಿಯಲ್ಲಿ ತಿಳಿದವರು ಹೇಳಿದರು. ಮುಖಪುಟ ಬದಲಾಯಿತು. ಶುಲ್ಕ ಇಳಿದು ಕಾಲೇಜಿನವರು ಖರ್ಚಿನಲ್ಲಿ ಏನನ್ನು ಕಡಿಯಬೇಕೆಂದು ನೋಡಿದಾಗ ಗಾಜು ಕಡಿಯಲು ಬರುವಂತಿರಲಿಲ್ಲ. ವಾಲಿಬಾಲ್ ತಂಡ ಬರುವಂತಿತ್ತು.

ಸಿಕ್ಸ್ಟೀನ್ ಮೈಲ್ ಕಾಲೇಜಿನ ತಂಡದಲ್ಲಿ ಹನ್ನೆರಡು ಆಟಗಾರರಿದ್ದರು. ಒಂಬತ್ತು ಮಂದಿ ಹೊರದೇಶದವರು. ತಂಡದ ಕೋಚ್ ನೇತ್ರಾ. ಸುಶೀಲವ್ವನ ಮಗಳು. ಗಂಡಸರ ತಂಡಕ್ಕೆ ಹೆಂಗಸು ಕೋಚ್ ಆದದ್ದು ಒಕ್ಕೂಟದಲ್ಲಿ ಅವಳೇ ಮೊದಲು. ಒಕ್ಕೂಟ ಮುಚ್ಚಿದರೆ ಕೊನೆಯವಳೂ ಅವಳೇ.

ಗುರುವಾರ ಸಂಜೆ ಅಡುಗೆಮನೆಯಲ್ಲಿ ನೇತ್ರಾ ಚೆಂಡಿಗೆ ಪಂಪು ಹೊಡೆಯುತ್ತಾ ಕೂತಿದ್ದಳು. ಸುಶೀಲವ್ವ ರೊಟ್ಟಿ ಬಡಿಯುತ್ತಿದ್ದಳು. ಎರಡೂ ಸದ್ದು ಸೇರಿ ಜಗಳದ ಹಾಗೆ ಕೇಳುತ್ತಿತ್ತು.

“ಹುಡುಗ್ರಿಗೆ ಹೇಳಿಯೇನು?” ಎಂದು ಕೇಳಿದಳು ಸುಶೀಲವ್ವ.

“ನೋ. ಸಾಟರ್ಡೇ ಮೀಟಿಂಗ್ ಆದಮ್ಯಾಲೆ ಹೇಳ್ತೀನಿ.”

“ದಿನಾ ಪ್ರಾಕ್ಟೀಸ್ ಮಾಡಸ್ತಿ ಮತ್ತ?”

“ದೇ ಶೋ ಅಪ್, ಅವ್ವಾ. ಆರಕ್ಕ ಹೇಳಿದ್ರ ಕಾಲ್ ತಾಸು ಮೊದಲ ಬರ್ತಾರ. ಕ್ಯಾಪ್ಟನ್ ಊರಿಗೆ ಹೋಗೋ ಟಿಕೆಟ್ ಮಾರ್ಚಿಗೆ ಹಾಕ್ಕೊಂಡಾನ. ಲಾಸ್ಟ್ ಸೀಸನ್ ಆಡೇ ಹೋಗ್ತೀನಂತ. ವಾಟ್ ಡೂ ಐ ಟೆಲ್ ಹಿಮ್?” ಪಂಪು ಕೆಳಗಿಟ್ಟಳು. “ಯೂ ಆರ್ ಟೈಪಿಂಗ್ ಇಟ್, ಆರಂಟ್ ಯೂ?”

ಸುಶೀಲವ್ವ ರೊಟ್ಟಿ ತಿರುವಿ ಹಾಕಿದಳು. ಬುಟ್ಟಿಯಲ್ಲಿ ಅಂದು ಮೂವರು ತಿನ್ನುವುದಕ್ಕಿಂತ ಎಂಟು ರೊಟ್ಟಿ ಹೆಚ್ಚಾದವು.

ಶುಕ್ರವಾರ ಬೆಳಿಗ್ಗೆ ಅವಳು ಕಾಲೇಜಿನ ಆಫೀಸಿನಲ್ಲಿ ನಡಾವಳಿ ಪೂರ್ತಿ ಮಾಡಲು ಕೂತಾಗ ಒಂದು ಸಾಲು ಬಾಕಿಯಿತ್ತು. ‘ದಫ್ತರದಲ್ಲಿರುವ ಇಷ್ಟು ಸದಸ್ಯರ ಪೈಕಿ ಇಷ್ಟು ಮಂದಿ ವಿಸರ್ಜನೆಗೆ ಒಪ್ಪಿದರು.’ ಆರು, ಆರು ಎಂದು ತುಂಬಿದರೆ ಮುಗಿಯುತ್ತಿತ್ತು. ಆದರೆ ದಫ್ತರ ನೋಡದೆ ಅಂಕಿ ಬರೆಯುವ ಅಭ್ಯಾಸ ಅವಳಿಗಿರಲಿಲ್ಲ. ಹಸಿರು ಪುಸ್ತಕ ತೆಗೆದು ಬೆರಳಿಟ್ಟು ಎಣಿಸಿದಳು.

ಹದಿನೇಳು.

ಮತ್ತೊಮ್ಮೆ ಎಣಿಸಿದಳು. ಹದಿನೇಳು ಹೆಸರೂ ಗೆರೆಯಿಲ್ಲದೆ ಸಾಲಾಗಿ ಕೂತಿದ್ದವು. ಹನ್ನೊಂದು ಹೆಸರುಗಳ ಮುಂದೆ ಪೆನ್ಸಿಲ್ಲಿನಲ್ಲಿ, ಅವಳದೇ ಅಕ್ಷರದಲ್ಲಿ, ಕನ್ನಡದಲ್ಲಿ ಬರೆದಿತ್ತು: ‘ಊರಾಗಿಲ್ಲ’.

ಇದು ಅವಳ ಅಪ್ಪನಿಂದ ಬಂದದ್ದು. ಕಲಘಟಗಿ ಹತ್ತಿರದ ಅವಳ ಊರಿನಲ್ಲಿ ತರುಣ ಸಂಘದ ವಾಲಿಬಾಲ್ ತಂಡವಿತ್ತು. ಹಾಜರಿ ಪುಸ್ತಕ ಅಪ್ಪನ ಕೈಯಲ್ಲಿತ್ತು. ಯಾರೋ ಗೋವೆಗೆ ದುಡಿಯಲು ಹೋದರೆ ಅಪ್ಪ ಹೆಸರಿನ ಮುಂದೆ ಪೆನ್ಸಿಲ್ಲಿನಲ್ಲಿ ‘ಊರಾಗಿಲ್ಲ’ ಎಂದು ಬರೆಯುತ್ತಿದ್ದ. ಪೆನ್ನಿನಲ್ಲಿ ಯಾಕೆ ಬರೆಯುವುದಿಲ್ಲ ಎಂದರೆ, “ಬಂದಾಗ ಅಳಸಾಕ ಬರಬೇಕಲ್ಲಾ” ಎನ್ನುತ್ತಿದ್ದ. ಹೆಸರಿಗೆ ಗೆರೆ ಹೊಡೆಯುವುದೆಂದರೆ ಬದುಕಿದವನಿಗೆ ಮಣ್ಣು ಕೊಟ್ಟಂತೆ. ತಂಡದ ಎತ್ತರದ ಆಟಗಾರನೊಬ್ಬ ಹಾವು ಕಡಿದು ಸತ್ತಾಗ ಅವನಿಗೆ ನಿಜವಾಗಿಯೇ ಮಣ್ಣು ಕೊಟ್ಟು ಬಂದು, ಕೈಕಾಲು ತೊಳೆದುಕೊಂಡು, ಅಪ್ಪ ಅವನ ಹೆಸರಿನ ಮುಂದೆಯೂ ‘ಊರಾಗಿಲ್ಲ’ ಎಂದೇ ಬರೆದ. ಆಟದ ದಿನ ಅವನ ಹೆಸರನ್ನೂ ಕೂಗುತ್ತಿದ್ದರು. ಯಾರಾದರೊಬ್ಬರು “ಊರಾಗಿಲ್ಲ” ಎನ್ನುತ್ತಿದ್ದರು. ಆಟ ಶುರುವಾಗುತ್ತಿತ್ತು.

ಇಲ್ಲಿಯ ನಿಯಮ ಬೇರೆಯಿತ್ತು. ಬಿಟ್ಟುಹೋದ ಕಾಲೇಜಿನ ಹೆಸರನ್ನು ಅಧ್ಯಕ್ಷರ ಮುಂದಿಟ್ಟು, ಅವರ ಕೈಯಿಂದಲೇ ಕೆಂಪು ಶಾಯಿಯಲ್ಲಿ ಗೆರೆ ಎಳೆಸಿ, ದಿನಾಂಕ ಹಾಕಿಸಬೇಕು. ಹಾಗೆ ಹೊಡೆದು ಹಾಕದ ಹೆಸರು ಸದಸ್ಯನದೇ. ಕೆಂಪು ಪೆನ್ನು ಅವಳ ಡ್ರಾಯರಿನಲ್ಲಿ 1991ರಿಂದ ಇತ್ತು. ಅಧ್ಯಕ್ಷರು ವರ್ಷಕ್ಕೊಮ್ಮೆ ಪುಟದ ಕೆಳಗೆ ಸಹಿ ಹಾಕುತ್ತಿದ್ದರು; ಸಹಿಯ ಮೇಲಿರುವುದನ್ನು ಓದುವ ಅಧ್ಯಕ್ಷರು ಯಾವ ಊರಲ್ಲಿದ್ದಾರೆ?

ಹತ್ತೊಂಬತ್ತನೇ ಕಲಮು ತೆಗೆದು ಓದಿದಳು. ಒಕ್ಕೂಟವನ್ನು ವಿಸರ್ಜಿಸಲು ದಫ್ತರದ ಮೂರರಲ್ಲಿ ಎರಡು ಪಾಲು ಸದಸ್ಯರು ಒಪ್ಪಬೇಕು. ವಾರ್ಷಿಕ ಸಭೆಯಲ್ಲಿ ಮಾತ್ರ. ಹದಿನೇಳರಲ್ಲಿ ಎರಡು ಪಾಲೆಂದರೆ ಹನ್ನೆರಡು. ಒಪ್ಪಲು ಇದ್ದವರು ಆರು.

ಸುಶೀಲವ್ವ ಎದ್ದು ಕಿಟಕಿಯ ಹತ್ತಿರ ನಿಂತಳು. ಕೆಳಗೆ ಗಾಜಿನ ಜಿಮ್ಮಿನಲ್ಲಿ ನೇತ್ರಾ ಶಿಳ್ಳೆ ಹೊಡೆಯುತ್ತಿರುವುದು ಕಾಣುತ್ತಿತ್ತು, ಕೇಳುತ್ತಿರಲಿಲ್ಲ.

ನಾಳಿನ ಸಭೆಯಲ್ಲೇ ಅವಳಿಗೆ ಬೀಳ್ಕೊಡುಗೆಯೂ ಇತ್ತು. ಫಲಕ ತಯಾರಾಗಿ ಬಂದಿತ್ತು. ಅದರ ಮೇಲಿನ ಒಕ್ಕಣೆಯನ್ನು ಅವಳೇ ತಿದ್ದಿ ಕಳಿಸಿದ್ದಳು. ‘ಮೂವತ್ತನಾಲ್ಕು ವರ್ಷ, ಒಂದೂ ತಪ್ಪಿಲ್ಲದ ದಾಖಲೆ’. ಆ ಮಾತು ಅವಳ ಬದುಕಿನ ಒಂದೇ ಒಂದು ಜಂಬ. ಇಲ್ಲಿ ಅವಳ ಇಂಗ್ಲಿಷಿಗೆ ನಕ್ಕವರಿದ್ದರು, ಅವಳ ದಫ್ತರಕ್ಕೆ ನಕ್ಕವರಿರಲಿಲ್ಲ. ಈಗಲೇ ಜಾರ್ಜ್‌ಟೌನಿಗೆ ಹೋಗಿ ರಾಜಗೋಪಾಲರ ಕೈಯಲ್ಲಿ ಹನ್ನೊಂದು ಗೆರೆ ಎಳೆಸಿಕೊಂಡು ಬಂದರೆ, ಹಳೆಯ ದಿನಾಂಕ ಹಾಕಿರೆಂದರೆ, ಅವರು ಚಹ ಕುಡಿಯುತ್ತಲೇ ಹಾಕಿಕೊಡುತ್ತಿದ್ದರು. ತಪ್ಪೂ ಅಳಿಯುತ್ತಿತ್ತು. ಒಕ್ಕೂಟವೂ.

ಡ್ರಾಯರಿನಿಂದ ಕೆಂಪು ಪೆನ್ನು ತೆಗೆದು ಕಾಗದದ ಮೇಲೆ ಗೀಚಿದಳು. ಶಾಯಿ ಒಣಗಿತ್ತು. ಪಕ್ಕದ ಕೋಣೆಯಲ್ಲಿ ಕೆಂಪು ಪೆನ್ನಿನ ಡಬ್ಬಿಯೇ ಇತ್ತು.

ಅವಳು ಪಕ್ಕದ ಕೋಣೆಗೆ ಹೋಗಲಿಲ್ಲ. ಗಂಡನಿಗೆ ಫೋನ್ ಮಾಡಿದಳು.

“ಏನ್ರಿ, ನಾ ಒಂದು ತಪ್ಪು ಮಾಡೀನಿ.”

“ಎಷ್ಟು ವರ್ಷದ್ದು?” ಹಿಂದೆ ಲಾರಿ ಹಿಮ್ಮುಖವಾಗಿ ಬರುವ ಸದ್ದು.

“ಮೂವತ್ತನಾಲ್ಕು.”

“ಅಷ್ಟು ವರ್ಷದ್ದಿದ್ರ ಅದಕ್ಕ ತಪ್ಪು ಅನ್ನೂದಿಲ್ಲ, ಪದ್ಧತಿ ಅಂತಾರ,” ಎಂದ ದ್ಯಾಮಣ್ಣ. “ತಡಿ, ಲಾರಿ ಬಂತು.”

ಶನಿವಾರ ಬೆಳಿಗ್ಗೆ ಹತ್ತೂವರೆಗೆ ವುಡ್‌ಬ್ರಿಡ್ಜ್‌ನ ಒಂದು ಮದುವೆ ಹಾಲಿನಲ್ಲಿ ಸಭೆ ಕೂಡಿತು. ಒಳಗಿನ ಕೋಣೆಯಿಂದ ಟೊಮೇಟೊ ಸಾರಿನ ವಾಸನೆ ಬರುತ್ತಿತ್ತು. ಆರೂ ನಿರ್ದೇಶಕರ ಗಮನ ಅತ್ತ ಕಡೆಗಿತ್ತು. ನೇತ್ರಾ ಹಿಂದಿನ ಸಾಲಿನಲ್ಲಿ ಕೈಕಟ್ಟಿ ಕೂತಿದ್ದಳು. ಮೇಜಿನ ಮೇಲೆ ಬಣ್ಣದ ಕಾಗದ ಸುತ್ತಿದ ಫಲಕ.

ಸುಶೀಲವ್ವ ಎದ್ದು ಹಾಜರಿ ಕರೆದಳು. ಮೊದಲ ಹೆಸರು ಪಾದ್ರಿಗಳ ಕಾಲೇಜಿನದು. ಯಾರೂ ಓಗೊಡಲಿಲ್ಲ. ಅವಳು ತಾನೇ ಮೆಲ್ಲಗೆ “ಊರಾಗಿಲ್ಲ” ಎಂದು ಮುಂದಿನ ಹೆಸರು ಕರೆದಳು. ನಿರ್ದೇಶಕರು ಇದನ್ನು ಬೀಳ್ಕೊಡುಗೆಯ ದಿನದ ಭಾವುಕತೆ ಎಂದುಕೊಂಡರು. ಒಬ್ಬಾಕೆ ಕಣ್ಣು ಕೂಡ ಒರೆಸಿಕೊಂಡಳು. ಹದಿನೇಳು ಹೆಸರು ಮುಗಿದವು. ನಿರ್ಣಯ ಮಂಡನೆಯಾಯಿತು. ಆರು ಕೈ ಮೇಲೆದ್ದವು, ಸಿಕ್ಸ್ಟೀನ್ ಮೈಲ್ ಕಾಲೇಜಿನದೂ ಸೇರಿ.

“ಸರ್ವಾನುಮತ,” ಎಂದರು ರಾಜಗೋಪಾಲ. “ಥ್ಯಾಂಕ್ಯೂ ಆಲ್. ಸುಶೀಲಮ್ಮ, ರೆಕಾರ್ಡ್ ಮಾಡಿ.”

“ಮಾಡೀನ್ರಿ ಸರ,” ಎಂದಳು ಸುಶೀಲವ್ವ. ಆಮೇಲೆ ಇಂಗ್ಲಿಷಿನಲ್ಲಿ, ಒಂದೊಂದೇ ಪದ ನೆಲದ ಮೇಲೆ ಇಟ್ಟಂತೆ, ಓದಿದಳು. ದಫ್ತರದಲ್ಲಿರುವ ಸದಸ್ಯರು ಹದಿನೇಳು. ಬೇಕಾದ ಮತ ಹನ್ನೆರಡು. ಬಿದ್ದ ಮತ ಆರು. ನಿರ್ಣಯ ಸರ್ವಾನುಮತದಿಂದ ಸೋತಿದೆ.

ಒಳಗಿನ ಕೋಣೆಯಲ್ಲಿ ಯಾರೋ ಚಮಚಗಳನ್ನು ಎಣಿಸುತ್ತಿದ್ದರು.

ನೀಲಿ ಕೋಟಿನ ನಿರ್ದೇಶಕನೊಬ್ಬ ನಕ್ಕ. ಬೇರೆ ಯಾರೂ ನಗದಿದ್ದನ್ನು ನೋಡಿ ನಿಲ್ಲಿಸಿದ. “ಆ ಕಾಲೇಜುಗಳಲ್ಲಿ ಅರ್ಧ ಈಗ ಇಲ್ಲವೇ ಇಲ್ಲ,” ಎಂದ.

“ಹೌದು,” ಎಂದಳು ಸುಶೀಲವ್ವ. “ಆದರೆ ಅವರು ಹೋಗಿದ್ದಾರೆಂದು ನೀವು ಯಾರೂ ಬರೆದುಕೊಟ್ಟಿಲ್ಲ.”

ರಾಜಗೋಪಾಲ ದಫ್ತರ ಎಳೆದುಕೊಂಡರು. ಕನ್ನಡಕ ಏರಿಸಿ ಸಾಲು ಸಾಲಾಗಿ, ಸ್ಕೇಲು ಜಾರಿಸುತ್ತಾ, ಓದಿದರು. ‘ಊರಾಗಿಲ್ಲ’ ಎಂಬಲ್ಲಿ ಸ್ಕೇಲು ನಿಂತಿತು. ಆ ಕೋಣೆಯಲ್ಲಿ ಅದನ್ನು ಓದಬಲ್ಲವರು ಅವಳ ಹೊರತು ಅವರೊಬ್ಬರೇ. ನೇತ್ರಾಳಿಗೆ ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಇಪ್ಪತ್ತು ವರ್ಷ ಇದರ ಕೆಳಗೆ ಅವರು ಸಹಿ ಹಾಕಿದ್ದರು.

“ಏನ್ರೀ ಇದು ಸುಶೀಲಮ್ಮ?” ಎಂದು ಕನ್ನಡಕ್ಕೆ ಇಳಿದರು. ಉಳಿದವರು ಕಾಯ್ದರು. “ಬೇಕೂಂತ ಮಾಡಿದ್ರಾ?”

“ಬೇಕಂತ ಮಾಡೂದಿದ್ರ ಮೂವತ್ತನಾಲ್ಕು ವರ್ಷ ಹಿಡೀತಿತ್ತೇನ್ರಿ ಸರ? ತಪ್ಪು ನಂದ ಐತಿ. ನಮ್ಮಪ್ಪ ಕಲಿಸಿದಂಗ ಬರಕೋತ ಬಂದೆ. ನಿನ್ನೆ ಮುಂಜಾನೆ ಗೊತ್ತಾತು.”

“ನಿನ್ನೆ ಗೊತ್ತಾದ್ಮೇಲೆ ಒಂದು ಫೋನ್ ಮಾಡಬಾರ್ದಿತ್ತಾ? ನಾನು ಹೊಡೆದು ಹಾಕ್ಬಿಡ್ತಿದ್ದೆ.”

“ಅದಕ್ಕ ಮಾಡಲಿಲ್ಲರಿ.”

ರಾಜಗೋಪಾಲ ಹಿಂದಿನ ಸಾಲಿನ ನೇತ್ರಾಳನ್ನು ನೋಡಿದರು. ನೇತ್ರಾ ಕಟ್ಟಿದ ಕೈ ಬಿಚ್ಚಿದ್ದಳು. ಆಮೇಲೆ ಹತ್ತೊಂಬತ್ತನೇ ಕಲಮನ್ನು ಎರಡು ಸಲ ಓದಿದರು. ಅದನ್ನು 1976ರಲ್ಲಿ ಬರೆದವರು ಅವರೇ. ಆಗ ಅವರಿಗೆ ಮೂವತ್ತೆರಡು. ಅಧ್ಯಾಪಕರ ಕೋಣೆಯಲ್ಲಿ ಪಕ್ಕದ ಕುರ್ಚಿ ಖಾಲಿಯೇ ಇರುತ್ತಿದ್ದ ಕಾಲ. ವಾಲಿಬಾಲ್ ಆಡುವಾಗ ಮಾತ್ರ ಜನ ಅವರ ಹೆಸರು ಹಿಡಿದು ಕೂಗುತ್ತಿದ್ದರು, ಚೆಂಡು ಬೇಕಾಗಿದ್ದರಿಂದ.

“ನಾಲ್ಕು ಜನ ಕೂತು ಊಟದ ಹೊತ್ತಿಗೆ ಮುರಿಯೋಕೆ ಆಗಬಾರ್ದು ಅಂತಾನೇ ಹೀಗೆ ಬರೆದಿದ್ದೆ,” ಎಂದರು, ಯಾರಿಗೆಂದಿಲ್ಲದೆ. ಎಂಜಿನಿಯರು ತಾನು ಕಟ್ಟಿದ ಸೇತುವೆಯ ಮೇಲೆ ತಾನೇ ಲಾರಿ ಹತ್ತಿಸಿ ನೋಡಿದ ಹಾಗಿತ್ತು ಅವರ ಮುಖ. ಸೇತುವೆ ಬಿದ್ದಿರಲಿಲ್ಲ.

ಇಂಗ್ಲಿಷಿಗೆ ಹಿಂತಿರುಗಿ ತೀರ್ಪು ಕೊಟ್ಟರು: ನಿರ್ಣಯ ಬಿದ್ದಿದೆ, ಮುಂದಿನ ವಾರ್ಷಿಕ ಸಭೆಯವರೆಗೆ ಮತ್ತೆ ತರುವಂತಿಲ್ಲ, ಬಿಡಬಯಸುವ ಕಾಲೇಜು ಒಂದು ವರ್ಷ ಮೊದಲು ಬರೆದು ತಿಳಿಸಬೇಕು, ಆದ್ದರಿಂದ ಅಕ್ಟೋಬರ್ ನಾಲ್ಕಕ್ಕೆ ಸೀಸನ್ ಶುರು. ನೀಲಿ ಕೋಟಿನವನು ಹಾಗಾದರೆ ಆ ಹನ್ನೊಂದು ಹೆಸರು ಈಗಲೇ ಹೊಡೆಯಿರಿ ಎಂದ. ಅದಕ್ಕೂ ಕಲಮಿತ್ತು. ಹೊಡೆಯುವ ಮುನ್ನ ಸದಸ್ಯನ ಕೊನೆಯ ವಿಳಾಸಕ್ಕೆ ರಿಜಿಸ್ಟರ್ ಅಂಚೆ ಕಳಿಸಿ, ‘ಉಳಿಯುತ್ತೀರೋ ಇಲ್ಲವೋ’ ಎಂದು ಕೇಳಿ, ಮೂವತ್ತು ದಿನ ಕಾಯಬೇಕು.

“ಇದೂ ನೀವ ಬರದದ್ದೇನ್ರಿ ಸರ?”

“ಹೂಂ,” ಎಂದರು ರಾಜಗೋಪಾಲ. “ಆಗ ತುಂಬಾ ಟೈಮಿತ್ತು.”

ಉಳಿದದ್ದು ಫಲಕ. ರಾಜಗೋಪಾಲ ಅದನ್ನು ಕೈಯಲ್ಲಿ ಹಿಡಿದು ‘ಒಂದೂ ತಪ್ಪಿಲ್ಲದ’ ಎಂಬಲ್ಲಿಗೆ ಬಂದು ನಿಂತರು. “ಇದನ್ನೀಗ ಏನ್ ಮಾಡೋದು?”

“ಕೊಡ್ರಿ ಇಲ್ಲೆ. ಹನ್ನೊಂದು ನೋಟೀಸ್ ಬರೀಬೇಕಲ್ಲಾ, ಹಾರದಂಗ ಮ್ಯಾಲೆ ಇಡಾಕ ಬರ್ತದ.”

ಊಟಕ್ಕೆ ಯಾರೂ ಹೆಚ್ಚು ಹೊತ್ತು ಕೂರಲಿಲ್ಲ. ಕಾರನ್ನು ನೇತ್ರಾ ಹೊಡೆಯುತ್ತಿದ್ದಳು. ಮಿಲ್ಟನ್ ಹತ್ತಿರ ಬಂದಾಗ, “ಅವ್ವಾ, ಯೂ ಹ್ಯಾಡ್ ಒನ್ ಥಿಂಗ್. ಆ ಪ್ಲಾಕು,” ಎಂದಳು.

“ಸಿಗ್ನಲ್ ನೋಡಿ ಹೊಡಿ,” ಎಂದಳು ಸುಶೀಲವ್ವ.

ಅಕ್ಟೋಬರ್ ನಾಲ್ಕಕ್ಕೆ ಸಿಕ್ಸ್ಟೀನ್ ಮೈಲ್ ಕಾಲೇಜು ಮೊದಲ ಪಂದ್ಯ ಆಡಿತು. ಮೂರು ನೇರ ಸೆಟ್ಟುಗಳಲ್ಲಿ ಸೋತಿತು. ಜಲಂಧರಿನ ಕ್ಯಾಪ್ಟನ್ ಎರಡು ಸರ್ವ್ ನೆಟ್ಟಿಗೆ ಹೊಡೆದು ಎಲ್ಲರೆದುರು ಬೈಸಿಕೊಂಡ. ಸೋಲಲು ಕೂಡ ಒಂದು ಸೀಸನ್ ಬೇಕು. ಅದು ಅವರಿಗೆ ಸಿಕ್ಕಿತ್ತು.

ಹದಿನೈದನೇ ತಾರೀಖು ಮೂವತ್ತು ದಿನ ತುಂಬಿತು. ರಾಜಗೋಪಾಲ ಹೊಸ ಕೆಂಪು ಪೆನ್ನು ಕೊಂಡು ಸುಶೀಲವ್ವನ ಆಫೀಸಿಗೆ ಬಂದರು. ಮೇಜಿನ ಮೇಲೆ ಫಲಕ, ಅದರ ಕೆಳಗೆ ಅಂಚೆ. ಹತ್ತು ಲಕೋಟೆಗಳಲ್ಲಿ ಅರ್ಧ ವಿಳಾಸದಾರರಿಲ್ಲವೆಂದು ಹಿಂತಿರುಗಿದ್ದವು, ಉಳಿದರ್ಧಕ್ಕೆ ಉತ್ತರ ಬಂದಿರಲಿಲ್ಲ. ಹನ್ನೊಂದನೆಯದು ಉತ್ತರ. ‘ಉಳಿಯುತ್ತೇವೆ’ ಎಂಬುದರ ಮುಂದೆ ಗುರುತು. ಕೆಳಗೆ ‘ಮಾಲು ಸುಸ್ಥಿತಿಯಲ್ಲಿ ತಲುಪಿದೆ’ ಎಂಬ ರಬ್ಬರ್ ಮೊಹರು. ಅದರ ಮೇಲೆ ಸಹಿ.

“ಸೇಂಟ್ ಲೂಸಿ,” ಎಂದು ಓದಿದರು ರಾಜಗೋಪಾಲ. “ಅದು ಹಾಸಿಗೆ ಗೋಡೌನ್ ಅಲ್ವಾ? ಯಾರ್ದು ಈ ಸೈನು?”

“ನಮ್ಮ ಮನಿಯವರದ್ರಿ.”

“ಸುಶೀಲಮ್ಮ!”

“ಅಲ್ಲಿಗೆ ಬಂದದ್ದಕ್ಕೆಲ್ಲಾ ಅವರ ಸಹಿ ಹಾಕೂದ್ರಿ. ಅದ ಅವರ ನೌಕರಿ. ಆದ್ರ ಗುರ್ತು ಅವರು ಹಾಕಿಲ್ಲ. ಹುಡುಗ್ರನ್ನ ಕೇಳಿ ಹಾಕಿಸ್ಯಾರ.”

“ಕಾಲೇಜೇ ಇಲ್ವಲ್ರೀ ಅಲ್ಲಿ.”

“ಕೋರ್ಟಿನ ಗೆರಿ ಅದಾವ್ರಿ. ಆಡವ್ರು ಅದಾರ.”

“ಎಷ್ಟು ಜನ?”

“ಆರು. ಡಿಪ್ಲೊಮಾ ಮುಗಿಸಿದವ್ರು. ಎಲ್ಲಾರೂ ಈ ಆರು ಕಾಲೇಜಿಗೇ ಮೂರ್ಮೂರು ಪಟ್ಟು ಫೀ ಕಟ್ಟಿದವ್ರ, ಸರ. ಈ ಗ್ವಾಡಿ ಗಾಜು ಅವರದ್ದ.”

ರಾಜಗೋಪಾಲ ಗಾಜಿನ ಆಚೆ ನೋಡಿದರು. ಕೆಳಗೆ ನೇತ್ರಾಳ ಹುಡುಗರು ನೆಟ್ ಕಟ್ಟುತ್ತಿದ್ದರು. ಹತ್ತು ಹೆಸರಿಗೆ ಅವರು ಸ್ಕೇಲಿಟ್ಟು ನೆಟ್ಟಗೆ ಕೆಂಪು ಗೆರೆ ಎಳೆದರು, ದಿನಾಂಕ ಹಾಕಿದರು. ಪಾದ್ರಿಗಳ ಕಾಲೇಜಿಗೆ ಗೆರೆ ಎಳೆಯುವಾಗ ಮಾತ್ರ ಸುಶೀಲವ್ವ ಮುಖ ತಿರುಗಿಸಿದಳು. ಸೇಂಟ್ ಲೂಸಿಗೆ ಬಂದಾಗ ರಾಜಗೋಪಾಲ ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗಿಟ್ಟುಕೊಂಡರು.

ಅವಳು ಡ್ರಾಯರಿನಿಂದ ರಬ್ಬರ್ ತೆಗೆದು ಆ ಹೆಸರಿನ ಮುಂದಿನ ಪೆನ್ಸಿಲ್ ಅಕ್ಷರಗಳನ್ನು ಉಜ್ಜಿ, ಪುಡಿಯನ್ನು ಅಂಗೈಗೆ ಒರೆಸಿಕೊಂಡಳು.

“ಶೆಡ್ಯೂಲಿಗೆ ಸೇರಿಸ್ಬೇಕಾಗತ್ತೆ,” ಎಂದು ರಾಜಗೋಪಾಲ ವೇಳಾಪಟ್ಟಿ ಹರಡಿಕೊಂಡರು. “ಅವರಿಗೆ ಊಟದ ಬಿಡುವು ಎಷ್ಟು ಹೊತ್ತು?”

“ಅರ್ಧ ತಾಸು.”

ಅವರು ಸ್ಕೇಲಿಟ್ಟು ಹೊಸದೊಂದು ಸಾಲು ಎಳೆದು, ಸ್ವಲ್ಪ ಲೆಕ್ಕ ಹಾಕಿ, ಬರೆದರು: ಒಂದೇ ಸೆಟ್ಟು.